ಹರದನಹಳ್ಳಿ ಸೀಮೆಯ ಬೆಳ್ಳಿಯ ಕರಡಿಗೆ

ಚಾಮರಾಜನಗರದ ನೆರೆಯ ಹರದನಹಳ್ಳಿಯು ದಿವ್ಯಲಿಂಗೇಶ್ವರನ ಪುರಾತನ ದೇವಾಲಯದಿಂದ ಪ್ರಸಿದ್ಧವಾದುದು. ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿ ಮುಂದೆ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗ ಯತಿಗಳ ಸಂಬಂಧದಿಂದ ವೀರಶೈವ ಪರಂಪರೆಯಲ್ಲಿಯೂ ಗಣ್ಯವಾದುದು. ಇಂತಹ ಸೀಮೆಯ ಅಕ್ಕಸಾಲಿಗನಿಗೆ ಮದುವೆಯ ಒಡವೆಗಳ ಜೊತೆಗೆ ಇಷ್ಟಲಿಂಗವನ್ನಿರಿಸಿ ಧರಿಸುವ ಬೆಳ್ಳಿಯ ಕರಡಿಗೆಯೂ ಜೀವನೋಪಾಯವಾಗಿದ್ದಿತು. ಬೆಳ್ಳಿಯ ತಗಡನ್ನು ಗುಳಿಯುಳ್ಳ ಅಚ್ಚಿನಲ್ಲಿಟ್ಟು ಮೆಲ್ಲನೆ ಬಡಿದು ಉಬ್ಬಿಸಿ, ಸಂದಿಗೆ ಬಿಳಿಗಾರವನ್ನು ಸವರಿ, ಊದುಗೊಳವೆಯಿಂದ ಅಗ್ಗಿಷ್ಟಿಕೆಯ ಜ್ವಾಲೆಯನ್ನು ಆ ಸಂದಿನ ಮೇಲೆಯೇ ಹಾಯಿಸಿ ಬೆಸೆದು, ಶಿವದಾರಕ್ಕೆ ಎರಡು ಕಡೆ ಕೊಂಡಿ ಕೂಡಿಸಿದ ಮೇಲೆ, ಮುಚ್ಚಳವು ದುಡಿಮೆಯಲ್ಲಿ ಕಳಚಲೂ ಬಾರದು, ಪೂಜೆಯ ಹೊತ್ತಿಗೆ ಬೆರಳಿಗೆ ಒಲ್ಲೆನೆನ್ನಲೂ ಬಾರದು ಎಂಬ ಪರಸ್ಪರ ವಿರುದ್ಧವಾದ ಎರಡು ಅಪೇಕ್ಷೆಗಳನ್ನು ಅರದಿಂದ ಉಜ್ಜಿ ಉಜ್ಜಿ ಹೊಂದಿಸುವುದರಲ್ಲಿ ಅವನ ಕೈಚಳಕವೆಲ್ಲ ವ್ಯಕ್ತವಾಗುತ್ತಿದ್ದಿತು. ಅದರ ಮೇಲೆ ಅವನು ಹೆಸರನ್ನು ಒತ್ತುತ್ತಿರಲಿಲ್ಲ. ಸವೆದ ಕರಡಿಗೆಯನ್ನು ಕರಗಿಸಿ ಹೊಸದನ್ನು ಮಾಡಿಸುವ ರೂಢಿಯಿಂದ ಕೆಲಸವೂ ಬಹುಕಾಲ ಉಳಿಯುತ್ತಿರಲಿಲ್ಲ.

ಹಾಗಾದರೆ ಬೆಳ್ಳಿ ಶುದ್ಧವೆಂಬುದಕ್ಕೆ ಜಾಮೀನು ಯಾರು? 18ನೆಯ ಶತಮಾನದಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣದ ಅಕ್ಕಸಾಲಿಗರಿಗೂ ಇದೇ ಪ್ರಶ್ನೆ ಎದುರಾಗಿದ್ದಿತು. ಲೋಹಪರೀಕ್ಷೆಯ ಅಧಿಕಾರವು 1637ರ ರಾಜಸನದಿನಿಂದ ಡಬ್ಲಿನ್ ನಗರದ ಸಂಘಕ್ಕೆ ಸೇರಿದ್ದು, ಅಷ್ಟು ದೂರ ಸಾಮಾನು ಕಳುಹಿಸುವುದು ವೆಚ್ಚದ ಮತ್ತು ಅಪಾಯದ ಮಾತಾದುದರಿಂದ, ಅವರು ತಮ್ಮ ಹೆಸರಿನ ಮೊದಲಕ್ಷರಗಳೊಡನೆ 'ಸ್ಟರ್ಲಿಂಗ್' ಎಂದು, ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿಯೆಂದು, ತಾವೇ ಮುದ್ರೆಯೊತ್ತಿದರು. ನಮ್ಮವನಿಗೆ ಆ ಗೊಡವೆಯಿರಲಿಲ್ಲ. ಗಿರಾಕಿಯೇ ರಾಣಿಛಾಪಿನ ರೂಪಾಯಿಗಳನ್ನು ಎಣಿಸಿ ತಂದು ಎದುರಿಗೆ ಕುಳಿತು ಮೂಸೆಗೆ ಹಾಕಿಸುತ್ತಿದ್ದನು. 1835ರ ಕಂಪನಿಯ ಕಾಯಿದೆಯಿಂದ ರೂಪಾಯಿಗೆ 180 ಗ್ರೇನ್ ತೂಕವೂ 12ರಲ್ಲಿ 11 ಪಾಲು ಬೆಳ್ಳಿಯೂ ನಿಶ್ಚಿತವಾಗಿ, ಒಂದು ನಾಣ್ಯವೇ ಒಂದು ತೊಲದ ಬಟ್ಟೂ, ಒಡವೆಯ ಲೋಹವೂ, ಸರ್ಕಾರದ ಪರೀಕ್ಷಾಮುದ್ರೆಯೂ ಆಯಿತು. ಕಾರ್ಕಿನ ಬೆಳ್ಳಿಗೆ ಅದು ಸಾವಿರಕ್ಕೆ ಎಂಟೊಂಬತ್ತು ಪಾಲು ಮಾತ್ರ ಕಡಮೆ. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂದು ಗಾದೆ ಕಟ್ಟಿದವರು, ಐದು ರೂಪಾಯಿ ಕೊಟ್ಟು, ತಕ್ಕಡಿಯ ಒಂದು ತಟ್ಟೆಯಲ್ಲಿ ಐದು ರೂಪಾಯಿಯನ್ನೇ ಇಟ್ಟು, ತೇಮಾನನ್ನು ಮಾತ್ರ ಕಳೆದು ವಸ್ತುವನ್ನು ಪಡೆಯುತ್ತಿದ್ದ ಈ ವ್ಯವಹಾರವನ್ನು ಕಣ್ಣಾರೆ ಕಂಡಿರಲಾರರು.

ಈ ಸೌಕರ್ಯವನ್ನು ಕೆಡಿಸಿದುದು ಯುದ್ಧ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ರೂಪಾಯಿ ಬರಿಯ ನಿಕಲ್ಲಿನದು. ಹಳೆಯ ನಾಣ್ಯವನ್ನು ಕೂಡಿಟ್ಟವರು ಅದನ್ನೇ ಕರಗಿಸಿದರು; ಮಿಕ್ಕವರು ಪೇಟೆಯಿಂದ ಗಟ್ಟಿಬೆಳ್ಳಿಯನ್ನು ತಂದು ಒರೆಗಲ್ಲಿಗೆ ಹಚ್ಚಿಸಬೇಕಾಯಿತು.