ವರದಾತೀರದ ಪುಸ್ತಕಭಂಡಾರಗಳೂ ಗ್ರಂಥಗಳ ಎರವಲೂ

ಹಾವೇರಿ ತಾಲ್ಲೂಕಿನ ಹೊಸರಿತ್ತಿಯು ವರದಾನದಿಯ ದಂಡೆಯ ಮೇಲಿರುವ ಗ್ರಾಮ. ಶ್ರೀ ಧೀರೇಂದ್ರತೀರ್ಥರ ಮತ್ತು ಶ್ರೀ ಸುಶೀಲೇಂದ್ರತೀರ್ಥರ ವೃಂದಾವನಗಳಿರುವುದರಿಂದ ಮಾಧ್ವರಿಗೆ ಅದು ಕ್ಷೇತ್ರ. 1943ನೆಯ ಇಸವಿಯ ಏಪ್ರಿಲ್ 1ರಂದು ಮೈಲಾರ ಮಹಾದೇವಪ್ಪನವರು ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದ ಸ್ಥಳವಾದುದರಿಂದ ದೇಶಭಕ್ತರಿಗೂ ಅದು ಕ್ಷೇತ್ರವೇ. ಹಳ್ಳಿಕೇರಿ ಗುದ್ಲೆಪ್ಪನವರು ಹುಟ್ಟಿದ ಊರು ಅದು. ಗಾಂಧಿ ಗ್ರಾಮೀಣ ಗುರುಕುಲವೂ ಅಲ್ಲಿಯೇ ಇದೆ. ಇಂತಹ ಊರುಗಳಲ್ಲಿ ಪುಸ್ತಕಗಳು ಸಾಮಾನ್ಯವಾಗಿ ಮೂರು ಕಡೆ ಸೇರಿರುತ್ತವೆ: ಮಠದ ಅಥವಾ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಕೆಲವು, ಪಾಠಶಾಲೆಯ ಕಪಾಟಿನಲ್ಲಿ ಕೆಲವು, ಗ್ರಾಮದ ವಾಚನಾಲಯದಲ್ಲಿ ಕೆಲವು. ಮೂರೂ ಒಂದೇ ಬೀದಿಯಲ್ಲಿದ್ದರೂ ಒಂದರಲ್ಲಿರುವುದು ಮತ್ತೊಂದಕ್ಕೆ ತಿಳಿಯದು. ಪಕ್ಕದ ಊರಿನ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಸಣ್ಣ ಗ್ರಂಥಾಲಯದ ಬಡತನಕ್ಕೆ ಪುಸ್ತಕಗಳ ಕೊರತೆಗಿಂತ ಪಟ್ಟಿಯ ಕೊರತೆಯೇ ಹೆಚ್ಚು ಕಾರಣವೆಂಬುದು ನನ್ನ ಅಭಿಪ್ರಾಯ. ನಮ್ಮ ನಾಡಿನ ಗ್ರಂಥಭಂಡಾರಗಳ ಚರಿತ್ರೆಯೂ ಇದನ್ನೇ ಸೂಚಿಸುತ್ತದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಸಂಸ್ಕೃತ ಪಾಠಶಾಲೆಗಳಲ್ಲಿ ಕಲಿತ ನಮ್ಮಂಥವರಿಗೆ ಈ ವಿಷಯದಲ್ಲಿ ಎರಡು ವಿರುದ್ಧವಾದ ಉಪದೇಶಗಳು ಬಾಲ್ಯದಲ್ಲಿಯೇ ದೊರೆತಿವೆ. ಪುಸ್ತಕವನ್ನು ಪರರ ಕೈಗೆ ಕೊಡಲಾಗದು, ಕೊಟ್ಟರೆ ಹೋಯಿತೆಂದೇ ತಿಳಿಯಬೇಕು ಎಂಬ ಆಶಯದ ಸುಭಾಷಿತವನ್ನು ನಮ್ಮ ಗುರುಗಳು ಅರ್ಧ ವಿನೋದದಿಂದಲೂ ಅರ್ಧ ಅನುಭವದಿಂದಲೂ ಹೇಳುತ್ತಿದ್ದರು. ಅದೇ ಗುರುಗಳು ವಿದ್ಯಾದಾನಕ್ಕೆ ಮಿಗಿಲಾದ ದಾನವಿಲ್ಲವೆಂದು ಪಾಠವನ್ನು ಮೊದಲು ಮಾಡುತ್ತಿದ್ದರು. ಮೊದಲನೆಯದು ಗ್ರಂಥವನ್ನು ಕಾಯುವವನ ಭೀತಿ. ಎರಡನೆಯದು ಗ್ರಂಥವನ್ನು ಬದುಕಿಸುವವನ ಧರ್ಮ. ಈ ಎರಡರ ಜಗಳವನ್ನು ನಮ್ಮ ಪೂರ್ವಿಕರು ಬಗೆಹರಿಸಿಕೊಂಡ ಉಪಾಯವೆಂದರೆ ಪ್ರತಿಮಾಡುವುದು. ಮೂಲವು ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ, ಪ್ರತಿಯು ಸಂಚರಿಸುತ್ತದೆ.

ಇದಕ್ಕೆ ಅತ್ಯುತ್ತಮವಾದ ಉದಾಹರಣೆಯು ಹಾವೇರಿಗೆ ದೂರವಲ್ಲದ ಲಕ್ಕುಂಡಿಯದು. ಪೊನ್ನನ ಶಾಂತಿಪುರಾಣವು ನಷ್ಟವಾಗಬಾರದೆಂದು ಅತ್ತಿಮಬ್ಬೆಯು ಅದರ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಸುವಿದಿತವಾಗಿದೆ. ಆಕೆಯ ಆಶ್ರಯದಲ್ಲಿದ್ದ ರನ್ನನು ಅಜಿತಪುರಾಣವನ್ನು ಮುಗಿಸಿದ್ದು 993ರಲ್ಲಿ. ಆಕೆಯ ಲಕ್ಕುಂಡಿಯ ಶಾಸನವು 1007ರದು. ಈ ದಾನವನ್ನು ಪುಣ್ಯಕಾರ್ಯವೆಂದು ಹೊಗಳುವವರೇ ಹೆಚ್ಚು. ಅದರಲ್ಲಿ ಅಡಗಿರುವ ವ್ಯವಹಾರಜ್ಞಾನವನ್ನು ಗಮನಿಸಿದವರು ಕಡಮೆ. ಸಾವಿರ ಪ್ರತಿಗಳನ್ನು ಒಂದೇ ಭಂಡಾರದಲ್ಲಿ ತುಂಬಿದ್ದರೆ ಒಂದೇ ಬೆಂಕಿಗೆ ಅವು ಆಹುತಿಯಾಗುತ್ತಿದ್ದುವು. ಊರೂರಿಗೆ ಹಂಚಿದುದರಿಂದ ಒಂದು ಕಡೆ ಗೆದ್ದಲು ಹಿಡಿದರೂ ಮತ್ತೊಂದು ಕಡೆ ಪಾಠವು ಉಳಿಯುತ್ತದೆ. ರನ್ನನ ಗುರುವಾದ ಅಜಿತಸೇನಾಚಾರ್ಯನ ಬಂಕಾಪುರವು ಇಂದಿನ ಹಾವೇರಿ ಜಿಲ್ಲೆಯದೇ ಆದುದರಿಂದ ಈ ಸಂಪ್ರದಾಯವು ನಮ್ಮ ಪ್ರಾಂತಕ್ಕೆ ಹೊರಗಿನದೆಂದು ಯಾರೂ ಭಾವಿಸಬೇಕಾಗಿಲ್ಲ.

ಪ್ರತಿಗಳ ಸಂಚಾರಕ್ಕೆ ಲಕ್ಕುಂಡಿಯು ನಿದರ್ಶನವಾದರೆ ಭಂಡಾರದ ಆಡಳಿತಕ್ಕೆ ಕಲಬುರಗಿ ಸೀಮೆಯ ನಾಗಾವಿಯು ನಿದರ್ಶನ. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ 1058ರ ಅಲ್ಲಿನ ಶಾಸನದಲ್ಲಿ ಘಟಿಕಾಸ್ಥಾನವೊಂದರ ವ್ಯವಸ್ಥೆಯನ್ನು ಹೇಳಿದೆ. ವೇದ ಶಾಸ್ತ್ರಗಳನ್ನು ಕಲಿಯುವ 200ಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು, ವೇದಕ್ಕೆ ಮೂವರು ಮತ್ತು ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು, ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರು. ಉಪಾಧ್ಯಾಯರ ಸಂಖ್ಯೆಯೂ ಭಂಡಾರಿಗರ ಸಂಖ್ಯೆಯೂ ಸಮವಾಗಿರುವುದು ಆಶ್ಚರ್ಯಕರ. ಇಂದಿನ ಯಾವ ವಿದ್ಯಾಲಯದಲ್ಲಿಯೂ ಇಂತಹ ಅನುಪಾತವನ್ನು ನಾನು ಕಂಡಿಲ್ಲ. ಇವರೆಲ್ಲರಿಗೂ ಭೂಮಿಯ ವೃತ್ತಿಯನ್ನು ಬಿಟ್ಟಿದ್ದರು. ಅಂದರೆ ಗ್ರಂಥವನ್ನು ಕಾಯ್ದು, ಕೇಳಿದವರಿಗೆ ಕೊಟ್ಟು, ಮರಳಿ ಪಡೆಯುವ ಕೆಲಸವು ಪಾಠ ಹೇಳುವ ಕೆಲಸದಂತೆಯೇ ಒಂದು ಉದ್ಯೋಗವೆಂದು ಆ ಕಾಲದವರು ತಿಳಿದಿದ್ದರು. ಬಿಡುವಿದ್ದವರು ಯಾರಾದರೂ ಮಾಡಬಹುದಾದ ಚಾಕರಿ ಅದೆಂಬ ಭಾವನೆಯು ಈಚಿನದು.

ಪ್ರತಿಮಾಡಿಕೊಡದೆ ಕಾಯ್ದರೆ ಏನಾಗುತ್ತದೆಂಬುದಕ್ಕೆ ಮೂಡುಬಿದಿರೆಯ ಧವಲಗ್ರಂಥಗಳ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಯೋಲೆಯ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿನ ಸಿದ್ಧಾಂತಬಸದಿಯಲ್ಲಿ ಮಾತ್ರ ಉಳಿದಿದ್ದುವು. ಶತಮಾನಗಳವರೆಗೆ ಯಾತ್ರಿಕರಿಗೆ ಅವುಗಳ ದರ್ಶನವು ದೊರೆಯುತ್ತಿತ್ತೇ ಹೊರತು ಓದು ದೊರೆಯುತ್ತಿರಲಿಲ್ಲ. ಗ್ರಂಥವು ದೇವರಾಯಿತು, ಓದುವವರು ಇಲ್ಲವಾದರು. ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು 19ನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯವು ಮೊದಲಾಯಿತು. ಆ ಪ್ರತಿಗಳೂ ಬಸದಿಯಲ್ಲಿಯೇ ಇರತಕ್ಕವೆಂದು ಉದ್ದೇಶಿತವಾಗಿದ್ದರೂ, ಒಂದು ಪ್ರತಿಯು ಗುಟ್ಟಾಗಿ ಹೊರಬಿದ್ದು ಉತ್ತರದೇಶದ ಸಹಾರನಪುರವನ್ನು ಸೇರಿತು. ಅದರಿಂದ ಇಳಿದುಬಂದ ಪ್ರತಿಗಳನ್ನು ಆಧರಿಸಿ ಹೀರಾಲಾಲ ಜೈನರು 1939ರಲ್ಲಿ ಮೊದಲನೆಯ ಸಂಪುಟವನ್ನು ಪ್ರಕಟಿಸಿದರು. ಮುಂದೆ ಮೂಡುಬಿದಿರೆಯವರೇ ಮನಸ್ಸುಮಾಡಿ ಮೂಲದ ಓಲೆಗಳೊಡನೆ ಪಾಠವನ್ನು ಹೋಲಿಸಲು ಅನುವುಮಾಡಿಕೊಟ್ಟರು. ಹೀಗೆ 16 ಸಂಪುಟಗಳ ಮಹಾಕಾರ್ಯವು ನಡೆಯಿತು. ಕದ್ದು ಹೊರತಂದುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೊದಲೇ ಎರವಲಿನ ಒಂದು ಮರ್ಯಾದೆಯು ಇದ್ದಿದ್ದರೆ ಕಳವಿಗೆ ಅವಕಾಶವೇ ಇರುತ್ತಿರಲಿಲ್ಲ. ಕಾಯ್ದವರನ್ನೂ ನಿಂದಿಸಲಾಗದು, ಅವರು ಹಾಗೆ ಕಾಯದಿದ್ದರೆ ಪ್ರತಿಮಾಡುವುದಕ್ಕೆ ಮೂಲವೇ ಇರುತ್ತಿರಲಿಲ್ಲ.

ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಅರ್ಥಶಾಸ್ತ್ರದ ವೃತ್ತಾಂತವು ಇದಕ್ಕೆ ಪ್ರತಿಯಾದುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ಓಲೆಯ ಪ್ರತಿಯನ್ನು ತಾವಾಗಿಯೇ ತಂದೊಪ್ಪಿಸಿದರು. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. ಗ್ರಂಥವು ಬಹಿರಂಗವಾದ ಮೇಲೆ ಮ್ಯೂನಿಕ್ಕಿನಲ್ಲಿ ಒಂದು ಪ್ರತಿಯಿದೆಯೆಂದು ತಿಳಿಯಿತು, ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ಬೇರೆ ಪ್ರತಿಗಳನ್ನು ಹಿಡಿದು ಪಾಠವನ್ನು ತಿದ್ದಿದರು. ಗ್ರಂಥಸಂಪಾದನೆಯ ಕೆಲಸ ಮಾಡಿದವರಿಗೆ ಇದು ಹೊಸ ಮಾತಲ್ಲ. ನಾವು ತರಗತಿಯಲ್ಲಿ ಕೈಯಲ್ಲಿ ಹಿಡಿಯುವ ಪ್ರತಿಯೊಂದು ಪ್ರಾಚೀನ ಕಾವ್ಯದ ಹಿಂದೆಯೂ ಒಂದು ಭಂಡಾರವು ಮತ್ತೊಂದಕ್ಕೆ ಕೊಟ್ಟ ಎರವಲು ಇದೆ.

ಇನ್ನು ಮುದ್ರಿತ ಪುಸ್ತಕಗಳ ಕಾಲಕ್ಕೆ ಬಂದು ಮತ್ತೆ ವರದಾತೀರಕ್ಕೆ ಮರಳೋಣ. ಈ ಸೀಮೆಯಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಮೊದಲು ಇದ್ದುದು ಪುರಾಣ ಹಚ್ಚುವ ಪದ್ಧತಿ. ಗುಡಿಯಲ್ಲಿ ಅಥವಾ ಮಠದಲ್ಲಿ ಒಬ್ಬನು ಓದುವನು, ಒಬ್ಬನು ಅರ್ಥ ಹೇಳುವನು. ಊರಿಗೆಲ್ಲ ಒಂದೇ ಪುಸ್ತಕ ಸಾಕು. ಅಚ್ಚಿನ ಪುಸ್ತಕವನ್ನು ಮನೆಮನೆಗೆ ಮುಟ್ಟಿಸಿದವರು ಗಳಗನಾಥರು. ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಹಾವೇರಿಗೆ ಸಮೀಪದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಕಾದಂಬರಿಗಳನ್ನು ಬರೆದರು. ಬರೆದುದನ್ನು ಹೊತ್ತುಕೊಂಡು ಹಳ್ಳಿಹಳ್ಳಿಗೆ ನಡೆದು ಮಾರಿದರು. ಅವರನ್ನು ಕಾದಂಬರಿಯ ಪಿತಾಮಹರೆಂದು ಸಾಹಿತ್ಯಚರಿತ್ರೆಗಳಲ್ಲಿ ಕೊಂಡಾಡುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅವರ ಕಾಲ್ನಡಿಗೆಯು ‘ಮಾಧವ ಕರುಣಾವಿಲಾಸ’ಕ್ಕಿಂತ ಕಡಮೆಯಾದ ಕೃತಿಯಲ್ಲ. ಹೀಗೆ ಕೊಂಡ ಪುಸ್ತಕಗಳೇ ಮುಂದೆ ಎಷ್ಟೋ ಮನೆಗಳ ಗೂಡುಗಳಿಂದ ಹಳ್ಳಿಯ ವಾಚನಾಲಯಗಳಿಗೆ ಬಂದು ಸೇರಿದುವು.

ಅದೇ ಕಾಲದಲ್ಲಿ ಬಡೋದೆಯ ಸಯಾಜಿರಾವ್ ಮಹಾರಾಜರು ಅಮೆರಿಕೆಯಿಂದ ಬೋರ್ಡನ್ ಎಂಬವರನ್ನು 1910ರಲ್ಲಿ ಕರೆಯಿಸಿ ತಮ್ಮ ರಾಜ್ಯದಲ್ಲೆಲ್ಲ ಗ್ರಂಥಾಲಯಗಳ ಜಾಲವನ್ನು ಕಟ್ಟಿಸಿದರು. ಪುಸ್ತಕಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಗೆ ಕಳುಹಿಸುವುದು, ಓದಿ ಮುಗಿದ ಮೇಲೆ ಪೆಟ್ಟಿಗೆಯನ್ನು ಬದಲಾಯಿಸುವುದು ಅಲ್ಲಿಯ ಸಂಚಾರಿ ವಿಭಾಗದ ಕ್ರಮ. 1931ರಲ್ಲಿ ಮನ್ನಾರ್ಗುಡಿಯ ಸೀಮೆಯಲ್ಲಿ ಎತ್ತಿನ ಗಾಡಿಯೇ ಗ್ರಂಥಾಲಯವಾಗಿ ಹಳ್ಳಿಗಳನ್ನು ಸುತ್ತಿತು. ನಮ್ಮ ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಸರಕಾರವು 1939ರಲ್ಲಿ ಫೈಜಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಮರುವರ್ಷ ಸಮಿತಿಯು ಒಪ್ಪಿಸಿದ ಯೋಜನೆಯು ಕೇಂದ್ರ ಗ್ರಂಥಾಲಯದಿಂದ ಹಿಡಿದು ಪ್ರಾಂತಿಕ, ಜಿಲ್ಲಾ, ತಾಲ್ಲೂಕು ಗ್ರಂಥಾಲಯಗಳ ಮೂಲಕ ಗ್ರಾಮದವರೆಗೆ ಇಳಿಯುವ ಸೋಪಾನದಂತಿತ್ತು. ಯುದ್ಧವು ಮುಗಿದು ಸ್ವಾತಂತ್ರ್ಯವು ಬರುವವರೆಗೂ ಮೆಟ್ಟಿಲುಗಳು ಕಾಗದದಲ್ಲಿಯೇ ಉಳಿದುವು.

1956ರಲ್ಲಿ ನಾಡು ಒಂದಾಯಿತು. ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ನರ ಮಾರ್ಗದರ್ಶನದ ಫಲವಾಗಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಬಂದಿತು; ಸ್ಥಳೀಯ ತೆರಿಗೆಯೊಡನೆ ಗ್ರಂಥಾಲಯ ಕರವು ಸೇರಿತು. 1931ರಲ್ಲಿಯೇ ಅವರು ವಿಧಿಸಿದ್ದ ಐದು ಸೂತ್ರಗಳು ಈಗ ಎಲ್ಲರ ಬಾಯಲ್ಲಿವೆ. ಪಾಣಿನಿಯನ್ನು ಓದಿದವನಿಗೆ ಆ ಸೂತ್ರಗಳ ಲಾಘವವು ಹಿಡಿಸದೆ ಇರದು. 1997ರಲ್ಲಿ ಹಾವೇರಿಯು ಬೇರೆ ಜಿಲ್ಲೆಯಾಯಿತು. 2019ರಲ್ಲಿ ರಾಜ್ಯದ 5,000ಕ್ಕೂ ಮೇಲ್ಪಟ್ಟ ಗ್ರಾಮಪಂಚಾಯತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದುವು, ಬಳಿಕ ಅರಿವು ಕೇಂದ್ರಗಳೆಂಬ ಹೆಸರನ್ನು ಪಡೆದುವು.

ಇಷ್ಟೆಲ್ಲ ವ್ಯವಸ್ಥೆಯಲ್ಲಿ ನನಗೆ ಕಾಣುವ ನ್ಯೂನತೆಯು ಒಂದೇ. ಪುಸ್ತಕವು ಮೇಲಿನಿಂದ ಕೆಳಕ್ಕೆ ಇಳಿಯುವುದಕ್ಕೆ ದಾರಿಯನ್ನು ಕಟ್ಟಿದ್ದೇವೆ. ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ಸಾಗುವುದಕ್ಕೆ ಕಟ್ಟಿಲ್ಲ. ಹೊಸ ಪುಸ್ತಕಗಳು ಎಲ್ಲ ಕಡೆಗೂ ಒಂದೇ ಆಗಿ ಬರುತ್ತವೆ. ಹಳೆಯವು ಮಾತ್ರ ಒಂದೊಂದು ಊರಿನಲ್ಲಿ ಒಂದೊಂದು. ಎರವಲು ಬೇಕಾದುದು ಅವಕ್ಕೇ.

ಕೆಲವು ವರ್ಷಗಳ ಹಿಂದೆ ನನಗೆ ಚಂದ್ರಿಕೆಯ ಹಳೆಯ ಸಂಚಿಕೆಗಳು ಬೇಕಾದುವು. ದೊಡ್ಡ ಪಟ್ಟಣಗಳ ಭಂಡಾರಗಳಿಗೆ ಪತ್ರ ಬರೆದೆನು, ಎರಡು ಸಲ ಪ್ರಯಾಣವನ್ನೂ ಮಾಡಿದೆನು. ಬಿಡಿ ಸಂಚಿಕೆಗಳು ಹೊರತು ಪೂರ್ಣ ವರ್ಷಗಳು ದೊರೆಯಲಿಲ್ಲ. ಕೊನೆಗೆ ಮದುವೆಯೊಂದಕ್ಕೆ ಹೋದಾಗ, ನಾನು ವಾಸಿಸುವ ಸ್ಥಳಕ್ಕೆ ಮೂರು ಹರದಾರಿಯೊಳಗಿನ ಹಳ್ಳಿಯ ಸಣ್ಣ ವಾಚನಾಲಯದಲ್ಲಿ, ಗೋಡೆಯ ಗೂಡಿನೊಳಗೆ, ಕೆಂಪು ಅರಿವೆಯಲ್ಲಿ ಕಟ್ಟಿದ ಗಂಟೊಂದನ್ನು ಬಿಚ್ಚಿದರೆ ಅವೇ ಸಂಚಿಕೆಗಳು! ಕೆಳಗಿನ ನಾಲ್ಕಾರನ್ನು ಗೆದ್ದಲು ತಿಂದಿತ್ತು. “ಆಚಾರ್ರ, ನಮ್ಮಜ್ಜಾರು ಕೊಟ್ಟಿದ್ದು ಇವು. ಕೇಳಿಕೊಂಡು ಬಂದವರು ನೀವ ಮೊದಲು,” ಎಂದು ಅಲ್ಲಿನ ಮೇಲ್ವಿಚಾರಕರು ಹೇಳಿದರು. ಅವರನ್ನು ದೂರುವಂತಿಲ್ಲ. ದಾಖಲೆಯ ಪುಸ್ತಕದಲ್ಲಿ ಸರಕಾರದಿಂದ ಬಂದ ಪುಸ್ತಕಗಳನ್ನು ಅವರು ಚೊಕ್ಕವಾಗಿ ಬರೆದಿದ್ದರು. ದಾನವಾಗಿ ಬಂದ ಗಂಟಿಗೆ ಕ್ರಮಾಂಕವಿರಲಿಲ್ಲ. ಕ್ರಮಾಂಕವಿಲ್ಲದುದು ಇದ್ದೂ ಇಲ್ಲದಂತೆ. ನಾನೂ ಮೂರು ಹರದಾರಿಯೊಳಗೆ ವಿಚಾರಿಸದೆ ಮೂವತ್ತು ಹರದಾರಿ ಅಲೆದವನೇ.

ಆದುದರಿಂದ ಮೊದಲು ಆಗಬೇಕಾದುದು ಹಣದ ಕೆಲಸವಲ್ಲ. ಹೊಸರಿತ್ತಿ, ಅಗಡಿ, ಗಳಗನಾಥ ಮೊದಲಾದ ಊರುಗಳಲ್ಲಿ ಮಠದ್ದಾಗಲಿ ಶಾಲೆಯದ್ದಾಗಲಿ ಪಂಚಾಯತಿಯದ್ದಾಗಲಿ ಇರುವ ಪುಸ್ತಕಗಳಿಗೆಲ್ಲ ಕರ್ತೃ, ಹೆಸರು, ಅಚ್ಚಾದ ವರ್ಷ, ಇರುವ ಸ್ಥಳ ಎಂಬ ನಾಲ್ಕು ಅಂಕಣಗಳ ಒಂದು ಪಟ್ಟಿ ಸಾಕು. ಅದು ಪ್ರತಿಯೊಂದು ಊರಿನಲ್ಲಿಯೂ ಒಂದೊಂದು ಇರಬೇಕು. ಪುಸ್ತಕವು ಯಾರದೋ ಅವರದಾಗಿಯೇ ಇರಲಿ. ಪಟ್ಟಿಯು ಮಾತ್ರ ಎಲ್ಲರದು. ಎರವಲನ್ನು ವ್ಯಕ್ತಿಗೆ ಕೊಡದೆ ಗ್ರಂಥಾಲಯವು ಗ್ರಂಥಾಲಯಕ್ಕೆ ಕೊಟ್ಟರೆ ಸುಭಾಷಿತದ ಭಯವು ಬಹುಮಟ್ಟಿಗೆ ತಪ್ಪುತ್ತದೆ, ಏಕೆಂದರೆ ಕೇಳುವುದಕ್ಕೆ ಒಂದು ಬಾಗಿಲು ಇರುತ್ತದೆ. ಓಲೆಗರಿಗಳನ್ನೂ ಜೀರ್ಣವಾದ ಮುದ್ರಿತಗಳನ್ನೂ ಊರು ಬಿಡಿಸದೆ ಛಾಯಾಪ್ರತಿಯನ್ನು ಮಾತ್ರ ಕಳುಹಿಸಬೇಕು. ಅತ್ತಿಮಬ್ಬೆಗೆ ಸಾವಿರ ಪ್ರತಿಗಳಿಗೆ ಲಿಪಿಕಾರರು ಬೇಕಾಗಿದ್ದರು. ಇಂದು ಶಾಲೆಯ ಉಪಾಧ್ಯಾಯರೊಬ್ಬರ ಕೈಯಲ್ಲಿರುವ ದೂರವಾಣಿಯೇ ಆ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲುದು. ಮಠಗಳವರು ಒಪ್ಪುವರೋ ಇಲ್ಲವೋ ಎಂದು ಕೆಲವರು ಸಂದೇಹಪಡುತ್ತಾರೆ. ನನ್ನ ಅನುಭವದಲ್ಲಿ ಪುಸ್ತಕವನ್ನು ಕೇಳಿದಾಗ ಹಿಂಜರಿದವರೂ ಪಟ್ಟಿಯನ್ನು ಕೇಳಿದಾಗ ಹಿಂಜರಿಯಲಿಲ್ಲ.

ಮೇಲೆ ಹೇಳಿದ ಗಂಟನ್ನು ಬಿಸಿಲಿಗೆ ಹರವಿ, ಬೇವಿನ ಎಲೆಯಿಟ್ಟು ಮತ್ತೆ ಕಟ್ಟಿ, ಅದರೊಳಗಿನ ಸಂಚಿಕೆಗಳ ಪಟ್ಟಿಯನ್ನು ಎರಡು ಪ್ರತಿಮಾಡಿ ಒಂದನ್ನು ಅಲ್ಲಿಯೇ ಇಟ್ಟು ಬಂದಿದ್ದೇನೆ. ಮತ್ತೊಂದು ನನ್ನಲ್ಲಿದೆ, ಬೇಕಾದವರಿಗೆ ನಕಲು ಮಾಡಿ ಕಳುಹಿಸುವೆನು. ಗೆದ್ದಲು ತಿಂದ ಸಂಚಿಕೆಗಳು ಮೊದಲನೆಯ ವರ್ಷದವು. ವಾಚಕರಲ್ಲಿ ಯಾರ ಮನೆಯಲ್ಲಿಯಾದರೂ ಆ ವರ್ಷದ ಚಂದ್ರಿಕೆಯಿದ್ದರೆ ಪತ್ರಿಕೆಯ ಸಂಪಾದಕರ ಮೂಲಕ ತಿಳಿಸಬೇಕೆಂದು ಬೇಡುತ್ತೇನೆ. ಸಂಚಿಕೆಗಳನ್ನು ಕಳುಹಿಸಬೇಕಾಗಿಲ್ಲ, ಎಲ್ಲಿವೆಯೆಂದು ತಿಳಿಸಿದರೆ ನಾನೇ ಬಂದು ಪ್ರತಿಮಾಡಿಕೊಳ್ಳುವೆನು.