ಸಂಜೆ ಬಾಗಿಲು ತೆರೆಯುತ್ತಿದ್ದ ಮುಂಬಯಿಯ ಕನ್ನಡ ಶಾಲೆಗಳು



ಮುಂಬಯಿಯ ಹಿರಿಯ ಕನ್ನಡಿಗರನ್ನು ಒಮ್ಮೆ ಮಾತಿಗೆಳೆದು ನೋಡಿ. ಬ್ಯಾಂಕಿನಿಂದ ನಿವೃತ್ತರಾದವರಿರಲಿ, ಸ್ವಂತ ಹೋಟೆಲು ಕಟ್ಟಿದವರಿರಲಿ, ಓದಿದ್ದೆಲ್ಲಿ ಎಂದರೆ ಹಲವರು ‘ನೈಟ್ ಸ್ಕೂಲಿನಲ್ಲಿ’ ಎನ್ನುತ್ತಾರೆ. ಆ ಮಾತಿನಲ್ಲಿ ಸಂಕೋಚವಿರುವುದಿಲ್ಲ, ತುಸು ಹೆಮ್ಮೆಯೇ ಇರುತ್ತದೆ.

ಕರಾವಳಿಯಿಂದ ಸ್ಟೀಮರಿನಲ್ಲಿ, ಆಮೇಲೆ ಬಸ್ಸಿನಲ್ಲಿ ಬಂದಿಳಿದ ಹುಡುಗರಿಗೆ ಮೊದಲ ಆಸರೆ ಉಡುಪಿ ಹೋಟೆಲು. ಲೋಟ ತೊಳೆಯುವುದು, ಟೇಬಲ್ ಒರೆಸುವುದು, ಊಟ ಅಲ್ಲೇ, ರಾತ್ರಿ ಮಲಗುವುದೂ ಅಲ್ಲೇ. ಹಗಲು ಶಾಲೆಗೆ ಹೋಗಲು ಬಿಡುವೆಲ್ಲಿ? ಆ ಬಿಡುವನ್ನು ಸಂಜೆಯಲ್ಲಿ ಹುಡುಕಿಕೊಟ್ಟವು ನಮ್ಮ ಸಂಘಸಂಸ್ಥೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಮೊಗವೀರರ ಉಚಿತ ರಾತ್ರಿ ಪ್ರೌಢಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಎಂಬ ಹೆಸರುಗಳನ್ನು ನೀವೂ ಕೇಳಿರುತ್ತೀರಿ. ಹೆಸರಿನಲ್ಲಿ ಜಾತಿ ಇದ್ದರೂ ಕಲಿಸಿದ್ದು ಸರಕಾರದ ಪಠ್ಯವನ್ನೇ. ಹಗಲು ಶಾಲೆಯವರು ಬರೆದ ಎಸ್.ಎಸ್.ಸಿ. ಪರೀಕ್ಷೆಯನ್ನೇ ಇವರೂ ಬರೆದರು. ಇನ್ನೊಂದು ಸ್ವಾರಸ್ಯ ನೋಡಿ: ಈ ಹುಡುಗರಲ್ಲಿ ಬಹುಪಾಲು ಮಂದಿಯ ಮನೆಮಾತು ತುಳು. ಕನ್ನಡದಲ್ಲಿ ಅವರ ಕೈ ಪಳಗಿದ್ದು ಮುಂಬಯಿಯಲ್ಲಿ!

ಹಗಲಿನ ಕನ್ನಡ ಶಾಲೆಗಳ ಕಥೆ ಬೇರೆ. ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ 1939ರದು. ಅದಕ್ಕೂ ಮುಂಚೆ, 1920ರ ಕಾಯಿದೆ ನಗರದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಜಾರಿಗೆ ತರುವ ಅಧಿಕಾರವನ್ನು ಪಾಲಿಕೆಗೆ ಕೊಟ್ಟಿತ್ತು. ಕಾಲಕ್ರಮದಲ್ಲಿ ಪಾಲಿಕೆ ಮರಾಠಿ, ಹಿಂದಿ, ಗುಜರಾತಿ, ಉರ್ದು, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿತು. ನ್ಯೂಯಾರ್ಕಿನ ಸಾರ್ವಜನಿಕ ಸಂಜೆ ಶಾಲೆಗಳು ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸಿದವು. ಮುಂಬಯಿ ಬಂದವರ ಮಕ್ಕಳಿಗೆ ಅವರವರ ಭಾಷೆಯಲ್ಲೇ ಪಾಠ ಹೇಳಿತು. ಪುಣೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕಿತು. ಇದು ಸಣ್ಣ ಔದಾರ್ಯವಲ್ಲ. ಭಾಷಾ ಜಗಳದ ಭರದಲ್ಲಿ ನಾವು ಅದನ್ನು ಮರೆತೇಬಿಡುತ್ತೇವೆ.

ರಾತ್ರಿಶಾಲೆಯ ಬೆಂಚುಗಳು ಖಾಲಿಯಾದದ್ದೇಕೆ? ನೈಟ್ ಸ್ಕೂಲಿನಲ್ಲಿ ಓದಿ ಮೇಲೆ ಬಂದ ಅಪ್ಪಂದಿರೇ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದರು. ಊರಿನಲ್ಲೇ ಶಾಲೆ-ಕಾಲೇಜುಗಳು ಹೆಚ್ಚಿದವು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲು, ಮನೆಗೆಲಸಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಹಾಗಾಗಿ ರಾತ್ರಿಶಾಲೆ ಸೊರಗಿತೆಂದು ಪೂರ್ತಿಯಾಗಿ ಮರುಗಲು ನನಗೆ ಮನಸ್ಸಾಗದು. ಹನ್ನೆರಡು ವರ್ಷದ ಹುಡುಗ ದಿನವಿಡೀ ಲೋಟ ತೊಳೆದು ಸಂಜೆ ತೂಕಡಿಸುತ್ತಾ ಲೆಕ್ಕ ಮಾಡುವುದು ಯಾರೂ ಬಯಸುವ ಸಂಗತಿಯಲ್ಲ.

ಚಿಂತೆ ಇರುವುದು ಪಾಲಿಕೆಯ ಹಗಲು ಶಾಲೆಗಳದ್ದು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬರುವವರಿದ್ದಾರೆ. ಅವರ ಮಕ್ಕಳಿಗೆ ಹೋಟೆಲಿನ ಸೂರಿಲ್ಲ, ಬೆನ್ನಿಗೆ ನಿಲ್ಲುವ ದೊಡ್ಡ ಸಂಘವೂ ಇಲ್ಲ. ಕಟ್ಟಡ ಮುಗಿದರೆ ಸಂಸಾರ ಇನ್ನೊಂದು ಉಪನಗರಕ್ಕೆ ಹೊರಡುತ್ತದೆ, ಮಗುವಿನ ಓದು ಅರ್ಧಕ್ಕೇ ನಿಲ್ಲುತ್ತದೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಒಂದು ಅಂಶವನ್ನು ಬರೆದಿಟ್ಟುಕೊಳ್ಳಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲವೆಂದೋ, ಹಿಂದಿನ ಶಾಲೆಯ ಟಿ.ಸಿ. ಬಂದಿಲ್ಲವೆಂದೋ ಪ್ರವೇಶ ನಿರಾಕರಿಸುವಂತಿಲ್ಲ. ಮಧ್ಯದಲ್ಲಿ ಓದು ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ನಿಮ್ಮ ಸೊಸೈಟಿಯ ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ, ಮರಳಿನ ರಾಶಿಯ ಮೇಲೆ ಆಡುವ ಮಗು ಕನ್ನಡ ಮಾತನಾಡುತ್ತಿದ್ದರೆ, ಅದರ ತಾಯಿಗೆ ಇಷ್ಟು ತಿಳಿಸಿ. ಹತ್ತಿರದ ಪಾಲಿಕೆ ಶಾಲೆ ಎಲ್ಲಿದೆಯೆಂದು ತೋರಿಸಿ.