ತುಂಗಭದ್ರೆಯ ಮೊಸಳೆ: ಅದರ ಗಾತ್ರವೂ ಉಳಿವೂ

ಸಿರುಗುಪ್ಪದ ಆಸುಪಾಸಿನ ತುಂಗಭದ್ರೆಯಲ್ಲಿ ಮೊಸಳೆಗಳಿರುವುದು ಆ ತೀರದವರಿಗೆ ವಿದಿತವಾದ ಸಂಗತಿಯೇ ಆಗಿದೆ. ಅವುಗಳ ಗಾತ್ರವನ್ನು ಕುರಿತು ಜನರಿಗೆ ವಿಸ್ಮಯವು ಸಹಜ. ಆದರೆ ಅವು ಇಂದಿನವರೆಗೂ ಹೇಗೆ ಉಳಿದುಬಂದುವೆಂಬುದು ಅದಕ್ಕಿಂತಲೂ ವಿಚಾರಾರ್ಹವಾದುದು.

ಭಾರತದಲ್ಲಿ ಮೊಸಳೆಯ ಜಾತಿಗಳು ಮೂರು. ಘರಿಯಾಲವು ಉತ್ತರದೇಶದ ನದಿಗಳದು. ಕಡಲ ಮೊಸಳೆಯು ಅಳಿವೆಗಳದು. ಮಗ್ಗರವು ಸಿಹಿನೀರಿನ ಹೊಳೆಕೆರೆಗಳದು. ತುಂಗಭದ್ರೆಯದು ಈ ಮೂರನೆಯ ಜಾತಿ. ಗಾತ್ರದಲ್ಲಿ ಕಡಲ ಮೊಸಳೆಯೇ ಅಗ್ರಗಣ್ಯವಾದುದು. ಫಿಲಿಪ್ಪೀನ್ಸ್ ದೇಶದಲ್ಲಿ 2011ರಲ್ಲಿ ಸೆರೆಸಿಕ್ಕ ಗಂಡೊಂದರ ಉದ್ದವು 6.17 ಮೀಟರು. ಮಗ್ಗರವು 5 ಮೀಟರನ್ನು ಮುಟ್ಟುವುದೇ ಅತಿವಿರಳ. ಹಳಗನ್ನಡದಲ್ಲಿ ಮೊಸಳೆಗೆ ‘ನೆಗಳ್’ ಎಂಬ ಹೆಸರೂ ಉಂಟು. ದೇವಾಲಯಗಳಲ್ಲಿ ಕಾಣುವ ಮಕರವಾದರೋ ಆನೆಯ ಸೊಂಡಿಲು ಮೊದಲಾದ ಅಂಗಗಳನ್ನು ಕೂಡಿಸಿದ ಶಿಲ್ಪಿಕಲ್ಪನೆ. ಅದರಿಂದ ಪೂರ್ವಕಾಲದ ಮೊಸಳೆಗಳ ಗಾತ್ರವನ್ನು ಊಹಿಸುವುದು ಯುಕ್ತವಲ್ಲ.

ಗಾತ್ರವು ಉಳಿವಿಗೆ ಆಧಾರವಾಗಲಿಲ್ಲವೆಂಬುದು ಗಮನಾರ್ಹವಾಗಿದೆ. ಕೇರಳದ ಅಳಿವೆಗಳಲ್ಲಿದ್ದ ಕಡಲ ಮೊಸಳೆಗಳು ನಿರ್ಮೂಲವಾದುವು. ಈಗ ಭಾರತದಲ್ಲಿ ಅವುಗಳ ಮುಖ್ಯ ನೆಲೆಗಳು ಒಡಿಶಾದ ಭಿತರಕನಿಕಾ, ಸುಂದರಬನ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳು. ಚಿಕ್ಕದಾದ ಮಗ್ಗರವಾದರೋ ಹೊಳೆ, ಕೆರೆ, ಕಾಲುವೆ ಯಾವುದರಲ್ಲಿಯೂ ಬಾಳಬಲ್ಲುದು. ದಡದಲ್ಲಿ ಬಿಲವನ್ನು ತೋಡಿ ಬೇಸಗೆಯ ತಾಪವನ್ನು ಕಳೆಯುವುದು. ವಿಜಯನಗರದ ಅರಸರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆದರು. ಸಿರುಗುಪ್ಪ, ದೇಶನೂರುಗಳ ಕಾಲುವೆಗಳೂ ಅವುಗಳಲ್ಲಿ ಸೇರಿವೆ. ಇಂತಹ ಕಟ್ಟೆಗಳ ಹಿಂದೆ ನಿಲ್ಲುವ ನೀರು ಮೊಸಳೆಗೆ ಪ್ರತಿಕೂಲವಾದುದಲ್ಲ.

ಈ ಪ್ರಾಣಿಗೆ ವಿಪತ್ತು ಬಂದುದು ಅನಂತರ. ಚರ್ಮದ ವ್ಯಾಪಾರಕ್ಕಾಗಿ ದೇಶದಲ್ಲೆಲ್ಲಾ ಮೊಸಳೆಗಳನ್ನು ಕೊಂದರು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬೇಟೆಯನ್ನು ನಿಷೇಧಿಸಿತು. 1975ರಲ್ಲಿ ಮೊಸಳೆಗಳನ್ನು ಸಾಕಿ ಬಿಡುವ ಯೋಜನೆಯು ಆರಂಭವಾಯಿತು. ಇಷ್ಟರೊಳಗೆ, 1945ರಲ್ಲಿ ಅಸ್ತಿಭಾರ ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಕೆಳಗಣ ಹೊಳೆಯ ಹರಿವು ಮನುಷ್ಯನ ಅಧೀನವಾಗಿತ್ತು.

ಮಗ್ಗರವು ಬೇಸಗೆಯ ಮೊದಲಲ್ಲಿ ದಡದ ಮರಳಿನಲ್ಲಿ ಗುಳಿ ತೋಡಿ ಮೊಟ್ಟೆಯಿಡುತ್ತದೆ. ನೀರು ತಗ್ಗಿ ಮರಳು ತೆಗೆಯುವವರಿಗೆ ಅನುಕೂಲವಾಗುವುದೂ ಅದೇ ಕಾಲದಲ್ಲಿ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಣ ಸುಮಾರು 34 ಕಿಲೋಮೀಟರು ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರವು ಘೋಷಿಸಿತು. ಆ ಆಶ್ರಯವು ಅಲ್ಲಿಯ ಮೊಸಳೆಗೂ ಒದಗಿದೆ. ಆದರೆ ಸಿರುಗುಪ್ಪವು ಕಂಪ್ಲಿಯಿಂದ ಕೆಳಗಿದೆ. ಶಾಸನವು ಪ್ರಾಣಿಯನ್ನು ಎಲ್ಲೆಡೆಯೂ ಕಾಯುತ್ತದೆ. ದಡದ ಮರಳನ್ನು ಕಾಯುವ ಏರ್ಪಾಡು ಮಾತ್ರ ಕಂಪ್ಲಿಯಲ್ಲಿಯೇ ಮುಗಿಯುತ್ತದೆ. ಆದಕಾರಣ ಮೊಸಳೆಯ ಉದ್ದವನ್ನು ಅಳೆಯುವುದಕ್ಕೆ ಮುಂಚೆ, ಅದು ಮೊಟ್ಟೆಯಿಡುವ ದಡವೆಷ್ಟು ಉಳಿದಿದೆಯೆಂಬುದನ್ನು ಅಳೆಯುವುದು ಲೇಸು.